ಮೊದಲು ಬರೆಯಲಿ, ಆಮೇಲೆ ಕಳುಹಿಸಲಿ

ಮಳೆಮಾಪಕದ ನೀರನ್ನು ಬೆಳಗ್ಗೆ 8.30ಕ್ಕೆ ಅಳೆದು ದಫ್ತರದಲ್ಲಿ ಗುರುತುಹಾಕುವ ಹಳೆಯ ಪದ್ಧತಿ ಎಷ್ಟೇ ಮಂದಗತಿಯದಾದರೂ, ತಂತಿ ಕಡಿದುದರಿಂದಾಗಲಿ ಅಂಚೆ ತಡವಾದುದರಿಂದಾಗಲಿ ಅಳತೆಯು ಅಳಿಯದಂತೆ ಕಾಯುವ ಗುಣವೊಂದು ಅದಕ್ಕಿದೆ. ಈಗ ಕೆಲವು ನೂರು ರೂಪಾಯಿಗೆ ದೊರೆಯುವ ಇಎಸ್‌ಪಿ32ರಂತಹ ವೈಫೈ ಮಾಡ್ಯೂಲಿಗೆ ನೀರಿನ ಮಟ್ಟಮಾಪಕವನ್ನು ಜೋಡಿಸಿ ಅಂಕಿಗಳನ್ನು ದೂರದ ಸರ್ವರಿಗೆ ರವಾನಿಸುವುದು ಎಂಜಿನಿಯರಿಂಗ್ ವಿದ್ಯಾರ್ಥಿಗೂ ಸುಲಭಸಾಧ್ಯ. ಆದರೆ ಸಂಪರ್ಕ ಕಡಿದ ಹೊತ್ತಿನ ಅಂಕಿಗಳ ಗತಿಯೇನೆಂದು ಕೇಳುವವರು ವಿರಳ.

ಕನ್ನಂಬಾಡಿ ಅಣೆಕಟ್ಟೆಯ ನೀರು ಪೂರ್ಣಮಟ್ಟವಾದ 124.80 ಅಡಿಯನ್ನು ಮುಟ್ಟಿತೆಂಬುದು ಪತ್ರಿಕೆಗಳಲ್ಲಿ ಸಂಭ್ರಮದಿಂದ ಅಚ್ಚಾಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರಗಳ ಕಡೆಯ ತೂಬಿನಲ್ಲಾಗಲಿ, ಕೆ.ಆರ್. ಪೇಟೆಯ ಹೇಮಾವತಿ ನಾಲೆಯ ಕೊನೆಭಾಗದಲ್ಲಾಗಲಿ ಎಷ್ಟು ನೀರು ಹರಿಯಿತೆಂಬುದು ಮಾತ್ರ ರೈತನ ಬಾಯಿಮಾತಾಗಿಯೇ ಉಳಿದು, ನೀರಗಂಟಿಯ ಬಾಯಿಮಾತಿಗೆ ಎದುರಾಗಿ ಸೋಲುತ್ತದೆ. ನಾಗಮಂಗಲದ ಮಳೆಯಾಶ್ರಿತ ರಾಗಿಹೊಲದಲ್ಲಿಯೂ ಮಳೆಯ ಅಳತೆಯೇ ಬರಪರಿಹಾರದ ವಾದಕ್ಕೆ ಆಧಾರ. ಇಂತಹ ಕಡೆ ನಿಲ್ಲಿಸುವ ಯಂತ್ರವು ತಾನು ಕಂಡುದನ್ನು ಮೊದಲು ತನ್ನೊಳಗಿನ ಮೆಮೊರಿ ಕಾರ್ಡಿನಲ್ಲಿ ಬರೆದು, ತರುವಾಯ ಕಳುಹಿಸತಕ್ಕದ್ದೆಂಬುದು ನನ್ನ ಅಭಿಪ್ರಾಯ.

ವೆಚ್ಚವೆಂಬ ಆಕ್ಷೇಪಣೆ ನಿಲ್ಲದು. ಕಾಲು ಗಂಟೆಗೊಮ್ಮೆ ಐವತ್ತು ಅಕ್ಷರಗಳ ಒಂದು ಸಾಲನ್ನು ಬರೆದರೆ ದಿನಕ್ಕೆ 96 ಸಾಲು; ವರ್ಷವಿಡೀ ಎರಡು ಮೆಗಾಬೈಟ್ ಸಹ ತುಂಬದು. ಅಂಗಡಿಯ ಅತಿ ಚಿಕ್ಕ ಕಾರ್ಡೂ ನಮ್ಮ ಮೊಮ್ಮಕ್ಕಳ ಕಾಲದವರೆಗೆ ಸಾಲುತ್ತದೆ, ಅಷ್ಟು ಕಾಲ ಅದು ಕೆಡದೆ ಬಾಳುವುದಾದರೆ!

ಕೆಡುವುದಕ್ಕೆ ಕಾರಣಗಳಿಲ್ಲದಿಲ್ಲ. ಕಾರ್ಡು 3.3 ವೋಲ್ಟಿನದು, ನೇರವಾಗಿ ಐದು ವೋಲ್ಟ್ ಕೊಟ್ಟರೆ ಹಾಳಾದೀತು. ವೈಫೈ ಪ್ರಸಾರದ ಕ್ಷಣದಲ್ಲಿ ಮಾಡ್ಯೂಲು ನೂರಾರು ಮಿಲಿಆಂಪಿಯರ್ ಸೆಳೆಯುವುದರಿಂದ, ದುರ್ಬಲ ಸೌರಬ್ಯಾಟರಿಯ ಒತ್ತಡ ಕುಸಿದು, ಅದೇ ಗಳಿಗೆಯಲ್ಲಿ ನಡೆಯುತ್ತಿದ್ದ ಬರೆವಣಿಗೆ ಅರ್ಧಕ್ಕೆ ನಿಂತು ಕಡತವೇ ಭಗ್ನವಾಗಬಹುದು. ಆದುದರಿಂದ ಕಾರ್ಡಿನ ಸಮೀಪ ಒಂದು ಕೆಪಾಸಿಟರ್ ಇಟ್ಟು, ಪ್ರತಿ ಸಾಲಿನ ಬಳಿಕ ಕಡತವನ್ನು ಮುಚ್ಚಿ, ಅನಂತರವೇ ಪ್ರಸಾರಕ್ಕೆ ತೊಡಗುವುದು ವಿಹಿತ. ಇಎಸ್‌ಪಿ32ರ 12ನೆಯ ಪಿನ್ನಿನದು ಬೇರೊಂದು ಚೇಷ್ಟೆ: ಯಂತ್ರ ಎಚ್ಚರಗೊಳ್ಳುವಾಗ ಕಾರ್ಡಿನ ತಂತಿಯು ಆ ಪಿನ್ನನ್ನು ಮೇಲೆತ್ತಿ ಹಿಡಿದಿದ್ದರೆ, ಮಾಡ್ಯೂಲು ತನ್ನ ಫ್ಲ್ಯಾಶ್ ಸ್ಮೃತಿಯು 1.8 ವೋಲ್ಟಿನದೆಂದು ಭ್ರಮಿಸಿ ಆರಂಭವಾಗದೆ ಉಳಿಯುತ್ತದೆ. ಬೇರೆ ಪಿನ್ನಿಗೆ ಜೋಡಿಸಿದರಾಯಿತು. ಅಂತರ್ಜಾಲವಿಲ್ಲದಾಗಲೂ ವೇಳೆ ತಪ್ಪದಿರಲು ಸ್ವಂತ ಬ್ಯಾಟರಿಯುಳ್ಳ ಡಿಎಸ್3231ರಂತಹ ಗಡಿಯಾರ ಬೇಕು. ವೇಳೆಯಿಲ್ಲದ ಅಳತೆಯನ್ನು ಯಾವ ಅಧಿಕಾರಿ ಒಪ್ಪಿಯಾನು?

ಕಾರ್ಡನ್ನು ಕದಿಯುವರು, ತಿದ್ದುವರು ಎಂಬ ಶಂಕೆ ನಿರಾಧಾರವಲ್ಲ. ಆದರೆ ಸರ್ವರಿನ ಪ್ರತಿಯೊಂದೇ ಇದ್ದರೆ ತಿದ್ದುಪಡಿ ಯಾರ ಕಣ್ಣಿಗೂ ಬೀಳದು. ಎರಡು ಪ್ರತಿಗಳಿದ್ದರೆ ವ್ಯತ್ಯಾಸ ಕಂಡಲ್ಲಿ ವಿಚಾರಣೆಗೆ ಎಡೆಯಾಗುತ್ತದೆ. ಸಾರ್ವಜನಿಕ ಹಣದಿಂದ ಕೊಳ್ಳುವ ಪ್ರತಿಯೊಂದು ಮಾಪಕದ ಟೆಂಡರಿನಲ್ಲಿಯೂ ಕಾರ್ಡಿನ ಷರತ್ತು ಸೇರಲಿ. ತಿಂಗಳಿಗೊಮ್ಮೆ ಅದರ ನಕಲು ಗ್ರಾಮ ಪಂಚಾಯಿತಿಯ ಕಚೇರಿಗೆ ಬರಲಿ. ಕೇಳಿದ ರೈತನಿಗೆ, ಅರ್ಜಿಶುಲ್ಕವಿಲ್ಲದೆ, ಅದು ದೊರೆಯಲಿ.