ಕರುಳಿನ ಕ್ಯಾನ್ಸರ್: ಕೀಹೋಲ್ ಸಾಕೆ, ರೋಬೊ ಬೇಕೆ?

ಶಿವಮೊಗ್ಗ: ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆಯಿದೆ ಎಂದು ತಿಳಿದ ದಿನವೇ ಹೊಸಮನೆಯಂತಹ ಬಡಾವಣೆಯ ಕುಟುಂಬಕ್ಕೆ ಇನ್ನೊಂದು ಚಿಂತೆ ಎದುರಾಗುತ್ತದೆ. ಶಸ್ತ್ರಚಿಕಿತ್ಸೆಯನ್ನು ಊರಿನಲ್ಲಿಯೇ ಮಾಡಿಸುವುದೆ, ಮಣಿಪಾಲಕ್ಕೆ ಹೋಗುವುದೆ ಅಥವಾ ಸುಮಾರು 300 ಕಿ.ಮೀ. ದೂರದ ಬೆಂಗಳೂರಿನಲ್ಲಿ ರೋಬೊ ಇರುವ ಆಸ್ಪತ್ರೆ ಹುಡುಕುವುದೆ? ದುಬಾರಿ ಯಂತ್ರವಿದ್ದಲ್ಲಿ ಚಿಕಿತ್ಸೆಯೂ ಮೇಲು ಎಂಬ ನಂಬಿಕೆಯನ್ನು ಪರಿಶೀಲಿಸಬೇಕಿದೆ.

ದೊಡ್ಡಕರುಳಿನ ಮಟ್ಟಿಗೆ ಉತ್ತರ ಬಹುಮಟ್ಟಿಗೆ ಸ್ಪಷ್ಟ. ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪ್ರೊಸ್ಕೋಪಿಯಿಂದ ಕ್ಯಾನ್ಸರ್ ಮರುಕಳಿಸೀತೆಂಬ ಭೀತಿ 1990ರ ದಶಕದಲ್ಲಿತ್ತು. ಅಮೆರಿಕದಲ್ಲಿ 872 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ದೂರಮಾಡಿತು. ಮೂರು ವರ್ಷಗಳಲ್ಲಿ ರೋಗ ಮರುಕಳಿಸಿದ ಪ್ರಮಾಣ ಲ್ಯಾಪ್ರೊಸ್ಕೋಪಿಯಲ್ಲಿ ಶೇ 16, ಹೊಟ್ಟೆ ತೆರೆದು ಮಾಡಿದಲ್ಲಿ ಶೇ 18; ಅಂದರೆ ಗಣನೀಯ ವ್ಯತ್ಯಾಸವಿಲ್ಲ. ಕೀಹೋಲ್ ವಿಧಾನದಲ್ಲಿ ನೋವು ಕಡಿಮೆ, ಚೇತರಿಕೆಯೂ ಬೇಗ.

ಗುದನಾಳದ ಕಥೆ ಬೇರೆ. ಕಿರಿದಾದ ಸೊಂಟದ ಗೂಡಿನಲ್ಲಿ ಗಡ್ಡೆಯನ್ನೂ ಸುತ್ತಲಿನ ಕೊಬ್ಬಿನ ಪದರವನ್ನೂ ಹರಿಯದಂತೆ ತೆಗೆಯಬೇಕು. 2015ರಲ್ಲಿ 1,044 ರೋಗಿಗಳ ಅಧ್ಯಯನವೊಂದು ತೆರೆದ ಶಸ್ತ್ರಚಿಕಿತ್ಸೆಗೆ ಲ್ಯಾಪ್ರೊಸ್ಕೋಪಿ ಸಮವೆಂದಿತು. ಅದೇ ವರ್ಷದ ಬೇರೆರಡು ಅಧ್ಯಯನಗಳಿಗೆ ಅದನ್ನು ಸಾಬೀತುಪಡಿಸಲು ಆಗಲಿಲ್ಲ. 2017ರಲ್ಲಿ ಪ್ರಕಟವಾದ 471 ರೋಗಿಗಳ ಅಧ್ಯಯನದಲ್ಲಿ ನಡುವೆಯೇ ಹೊಟ್ಟೆ ತೆರೆಯಬೇಕಾದ ಪ್ರಮಾಣ ರೋಬೊದಲ್ಲಿ ಶೇ 8.1, ಲ್ಯಾಪ್ರೊಸ್ಕೋಪಿಯಲ್ಲಿ ಶೇ 12.2. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಇದು ನಿರ್ಣಾಯಕವಲ್ಲ. 2025ರಲ್ಲಿ ಪ್ರಕಟವಾದ ಚೀನಾದ ಅಧ್ಯಯನ ಮಾತ್ರ ರೋಬೊ ಪರವಾಗಿದೆ: ಮೂರು ವರ್ಷಗಳಲ್ಲಿ ಅದೇ ಭಾಗದಲ್ಲಿ ರೋಗ ಮರಳಿದ್ದು ಶೇ 1.6 ಮಂದಿಗೆ, ಲ್ಯಾಪ್ರೊಸ್ಕೋಪಿಯಲ್ಲಿ ಶೇ 4. ಆದರೆ ಅಲ್ಲಿ ಶಸ್ತ್ರಚಿಕಿತ್ಸೆ ನಡೆಸಿದವರು ನುರಿತ ತಜ್ಞರು ಎಂಬುದನ್ನು ಮರೆಯುವಂತಿಲ್ಲ.

ಆದ್ದರಿಂದ ದೊಡ್ಡಕರುಳಿನ ಗಡ್ಡೆಗೆ ರೋಬೊ ಇಲ್ಲವೆಂಬ ಒಂದೇ ಕಾರಣಕ್ಕೆ ಸಾಲ ಮಾಡಿ ಬೆಂಗಳೂರಿಗೆ ಹೋಗಬೇಕಿಲ್ಲ. ಗುದದ್ವಾರಕ್ಕೆ ಸಮೀಪದ ಗಡ್ಡೆಯಾದರೆ, ವೈದ್ಯರು ವರ್ಷಕ್ಕೆ ಇಂತಹ ಎಷ್ಟು ಶಸ್ತ್ರಚಿಕಿತ್ಸೆ ಮಾಡುತ್ತಾರೆಂದು ಕೇಳುವುದು ರೋಗಿಯ ಹಕ್ಕು. ಅದಕ್ಕಾಗಿ ದೂರ ಹೋದರೂ ತಪ್ಪಲ್ಲ. ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಾಗುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತಾವು ಆರಿಸಿದ ವಿಧಾನ ಸೇರಿದೆಯೇ ಎಂಬುದನ್ನು ದಾಖಲಾಗುವ ಮುನ್ನವೇ ವಿಚಾರಿಸಬೇಕು.

ಇವೆಲ್ಲಕ್ಕಿಂತ ದೊಡ್ಡ ಅಪಾಯ ವಿಳಂಬ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಿಂಗಳುಗಟ್ಟಲೆ ಮದ್ದು ಮಾಡುವವರು ನಮ್ಮಲ್ಲಿ ಅನೇಕರು. ತೀರಾ ಆರಂಭದ ಗಂಟನ್ನು ಕೊಲೊನೊಸ್ಕೋಪಿಯಲ್ಲಿಯೇ, ಹೊಟ್ಟೆಗೆ ಕತ್ತರಿ ತಾಗಿಸದೆ ತೆಗೆಯಬಹುದು. ತಡವಾದರೆ ಯಾವ ಯಂತ್ರವೂ ಆ ಅವಕಾಶವನ್ನು ಮರಳಿ ಕೊಡದು.