ಬಾಡದ ಹಣ್ಣು ಯಾರಿಗೆ? ತೊಳೆದ ನೀರು ಯಾರಿಗೆ?

ಬೆಲೆ ಕುಸಿದ ವರ್ಷಗಳಲ್ಲಿ ಚಿಂತಾಮಣಿ ಸುತ್ತಿನ ರಸ್ತೆಬದಿಗಳಲ್ಲಿ ಸುರಿದ ಟೊಮೆಟೊ ರಾಶಿಯನ್ನು ನಮ್ಮಲ್ಲಿ ಕಾಣದವರಿಲ್ಲ. ಆ ರಾಶಿಯಿಂದ ಒಂದು ಹಣ್ಣನ್ನು ಕೈಗೆತ್ತಿಕೊಂಡು ನೋಡಿ. ಬಹುಪಾಲು ಅದು ಕೊಳೆತಿರುವುದಿಲ್ಲ. ಗಟ್ಟಿಯಾಗಿ, ಕೆಂಪಾಗಿ, ತಿನ್ನಲು ಯೋಗ್ಯವಾಗಿಯೇ ಇರುತ್ತದೆ. ಕೊಯ್ಲಿನ ಕೂಲಿ, ಗಾಡಿ ಬಾಡಿಗೆ, ಮಂಡಿಯ ಖರ್ಚು ಕಳೆದರೆ ಕೈಗೆ ಏನೂ ಉಳಿಯದೆಂದು ರೈತ ಅದನ್ನು ಸುರಿದು ಹೋಗಿರುತ್ತಾನೆ. ಕೊಯ್ದ ಹಣ್ಣು–ತರಕಾರಿಗಳನ್ನು ನ್ಯಾನೋ ತಂತ್ರಜ್ಞಾನದಿಂದ ವಾರಗಟ್ಟಲೆ ತಾಜಾ ಇಡಬಹುದೆಂಬ ಭರವಸೆಯನ್ನು ಈ ರಾಶಿಯ ಪಕ್ಕದಲ್ಲಿ ನಿಂತೇ ಪರಿಶೀಲಿಸಬೇಕು.

ನಾನು ಕೃಷಿ ವಿಜ್ಞಾನಿ, ವಿಜ್ಞಾನದ ವಿರೋಧಿಯಲ್ಲ. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್. 1ರಿಂದ 100 ನ್ಯಾನೋಮೀಟರ್ ಗಾತ್ರಕ್ಕೆ ಇಳಿದಾಗ ವಸ್ತುಗಳ ಗುಣಧರ್ಮವೇ ಬದಲಾಗಬಲ್ಲದು. ಹಣ್ಣು ಕಾಪಾಡಲು ಈ ಗುಣವನ್ನು ಬಳಸಿಕೊಳ್ಳುವ ದಾರಿಗಳು ಹಲವು. ಅವೆಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವುದು ತಪ್ಪು.

ಒಂದು ದಾರಿ ಹೆಕ್ಸನಾಲ್. ಸಸ್ಯಗಳೇ ಉತ್ಪಾದಿಸುವ ವಸ್ತುವಿದು. ಆಗತಾನೆ ಕತ್ತರಿಸಿದ ಹುಲ್ಲಿನ ವಾಸನೆಯಲ್ಲಿ ಇದರ ಪಾಲಿದೆ. ಹಣ್ಣಿನ ಜೀವಕೋಶಗಳ ಪೊರೆಯನ್ನು ಒಡೆಯುವ ಕಿಣ್ವವನ್ನು ಇದು ತಡೆಯುತ್ತದೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ, ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯ ಮತ್ತು ಶ್ರೀಲಂಕಾದ ಸಂಶೋಧಕರು 2012ರಿಂದ ಮಾವಿನ ಮೇಲೆ ಇದನ್ನು ಪ್ರಯೋಗಿಸಿದರು. ಮರದಲ್ಲಿರುವಾಗಲೇ ಸಿಂಪಡಿಸಿದರೆ ಕಾಯಿ ಇನ್ನಷ್ಟು ದಿನ ಮರದಲ್ಲೇ ನಿಲ್ಲುತ್ತದೆ. ಯಾವ ದಿನ ಕೊಯ್ಯಬೇಕೆಂಬ ಆಯ್ಕೆ ರೈತನ ಕೈಯಲ್ಲಿರುತ್ತದೆ. ಚಿಂತಾಮಣಿಯ ಮಾವಿನ ತೋಪುಗಳಲ್ಲಿ ಇಂತಹದನ್ನು ಪರೀಕ್ಷಿಸಲು ನನ್ನ ಆಕ್ಷೇಪವಿಲ್ಲ.

ಇನ್ನೊಂದು ದಾರಿ ಲೋಹದ್ದು. ಬೆಳ್ಳಿ, ಸತುವಿನ ಆಕ್ಸೈಡ್ ಮುಂತಾದವುಗಳ ನ್ಯಾನೋ ಕಣಗಳನ್ನು ಲೇಪನದಲ್ಲಿಯೋ ಪೊಟ್ಟಣದಲ್ಲಿಯೋ ಸೇರಿಸಿ ಬೂಷ್ಟು, ಬ್ಯಾಕ್ಟೀರಿಯಾಗಳನ್ನು ತಡೆಯುವ ಸಂಶೋಧನೆಗಳು ನಡೆದಿವೆ. ಹೆಕ್ಸನಾಲ್ ಆವಿಯಾಗಿ, ವಿಘಟಿಸಿ ಹೋಗುತ್ತದೆ. ಲೋಹ ಎಲ್ಲಿಗೆ ಹೋದೀತು?

ಈ ಪ್ರಶ್ನೆ ನಮ್ಮ ಜಿಲ್ಲೆಗೆ ಬೇರೆಲ್ಲರಿಗಿಂತ ಹೆಚ್ಚು ಸಂಬಂಧಿಸಿದ್ದು. ನಾವು ಬೆಳೆದ ತರಕಾರಿ ಬೆಂಗಳೂರಿನ ಅಡುಗೆಮನೆಗೆ ಹೋಗುತ್ತದೆ. ಅಲ್ಲಿ ತೊಳೆದ ನೀರು ಚರಂಡಿಗೆ ಸೇರುತ್ತದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಆ ಚರಂಡಿ ನೀರನ್ನು ಎರಡನೆಯ ಹಂತದವರೆಗೆ ಮಾತ್ರ ಶುದ್ಧೀಕರಿಸಿ, ಅಂತರ್ಜಲ ಮರುಪೂರಣಕ್ಕೆಂದು ಕಂದವಾರ ಕೆರೆಯೂ ಸೇರಿದಂತೆ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಎರಡನೆಯ ಹಂತದ ಶುದ್ಧೀಕರಣ ಮುಖ್ಯವಾಗಿ ಸಾವಯವ ಕೊಳೆಯನ್ನು ತೆಗೆಯಲೆಂದು ರೂಪಿಸಿದ್ದು, ಲೋಹವನ್ನು ತೆಗೆಯಲೆಂದಲ್ಲ. ಬೆಳ್ಳಿಯ ಬಹುಭಾಗ ಗಂಧಕದೊಡನೆ ಕೂಡಿ ಘಟಕದ ಕೆಸರಿನಲ್ಲಿ ಉಳಿಯುತ್ತದೆ, ನಿಜ. ಆದರೆ ಆ ಕೆಸರು ಗೊಬ್ಬರವಾಗಿ ಹೊಲಕ್ಕೆ ಬಂದರೆ? ನಗರಕ್ಕೆ ತಾಜಾತನ, ಹಳ್ಳಿಗೆ ಅದರ ಗಸಿ! ಪಕ್ಕದ ಹೊಲದ ಔಷಧಿ ಹಿಪ್ಪುನೇರಳೆ ಸೊಪ್ಪಿಗೆ ತಾಗಿದರೆ ಹುಳು ಸಾಯುವುದನ್ನು ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಷ್ಟದ ಲೆಕ್ಕವನ್ನೂ ನೋಡೋಣ. ಬೆಳೆದದ್ದರಲ್ಲಿ ಶೇ. 40 ಕೊಳೆತು ಹೋಗುತ್ತದೆಂಬ ಮಾತು ವೇದಿಕೆಗಳಲ್ಲಿ ಕೇಳಿಬರುತ್ತದೆ. ಲೂಧಿಯಾನಾದ ಕೇಂದ್ರೀಯ ಕೊಯ್ಲೋತ್ತರ ಸಂಸ್ಥೆಯ 2015ರ ವರದಿಯ ಪ್ರಕಾರ ನಷ್ಟ ಟೊಮೆಟೊದಲ್ಲಿ ಶೇ. 12.44, ಸೀಬೆಯಲ್ಲಿ ಶೇ. 15.88. ಇದೇನು ಸಣ್ಣದಲ್ಲ, ಆದರೆ 40 ಅಲ್ಲ. ಇದರಲ್ಲಿಯೂ ದೊಡ್ಡ ಪಾಲಿಗೆ ಕಾರಣ ಬಿಸಿಲು, ಜಜ್ಜುಗಾಯ, ತಡವಾದ ಸಾಗಣೆ. ಅದಕ್ಕೆ ಮದ್ದು ನೆರಳು, ಕ್ರೇಟು ಮತ್ತು ತಂಪು. ಶಾಖ 10 ಡಿಗ್ರಿ ಇಳಿದರೆ ಹಣ್ಣಿನ ಉಸಿರಾಟ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಟ್ಟಿಗೆ, ಮರಳು, ನೀರಿನಿಂದ ಕಟ್ಟುವ, ವಿದ್ಯುತ್ ಬೇಡದ ತಂಪುಗೂಡನ್ನು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿಯೇ ರೂಪಿಸಿತು. ನಮ್ಮಂತಹ ಒಣ ಹವೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಎಷ್ಟು ಹಳ್ಳಿಗಳಲ್ಲಿ ಅದನ್ನು ಕಂಡಿದ್ದೀರಿ?

ಮುಖ್ಯ ಪ್ರಶ್ನೆ ಇನ್ನೂ ಉಳಿದಿದೆ. ರೈತ ಕೊಯ್ದ ದಿನವೇ ಹರಾಜಿನಲ್ಲಿ ಮಾರುತ್ತಾನೆ; ಆಮೇಲೆ ಹಣ್ಣು ಅವನದಲ್ಲ. ಲೇಪನದಿಂದ ಹತ್ತು ದಿನ ಹೆಚ್ಚಿದರೆ, ಹಣ್ಣು ಯಾರ ಗೋದಾಮಿನಲ್ಲಿದೆಯೋ ಆ ಹತ್ತು ದಿನಗಳೂ ಅವರವೇ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದ್ದು ನೆನಪಿರಲಿ. ಅಂತಹ ಬೆಲೆಗಾಗಿ ಕಾಯುವ ಶಕ್ತಿ ದಾಸ್ತಾನುಗಾರನಿಗೆ ಬಂದು, ರೈತನಿಗೆ ಬಾರದಿದ್ದರೆ, ರಸ್ತೆಬದಿಯ ರಾಶಿ ಹಾಗೆಯೇ ಉಳಿಯುತ್ತದೆ.

ನಿಯಮಗಳಿಲ್ಲವೆ? ಇವೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ನ್ಯಾನೋ ಕೃಷಿ ಒಳಸುರಿ ಮತ್ತು ಆಹಾರಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರಡಿಸಿದೆ. ಆದರೆ ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದೂ ನಿಷಿದ್ಧವೇ. ಮಾವಿನ ಕಾಲ ಬಂತೆಂದರೆ ಕಾರ್ಬೈಡ್ ವಶಪಡಿಸಿಕೊಂಡ ಸುದ್ದಿ ಓದುವುದು ತಪ್ಪಿಲ್ಲ. ಕಣ್ಣಿಗೆ ಕಾಣುವ ಕಾರ್ಬೈಡ್ ಪೊಟ್ಟಣವನ್ನೇ ತಡೆಯಲಾಗದ ವ್ಯವಸ್ಥೆ ಕಾಣದ ಕಣವನ್ನು ಹೇಗೆ ತಡೆದೀತು? ಐರೋಪ್ಯ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ ಆಹಾರದ ನ್ಯಾನೋ ಘಟಕಗಳನ್ನು ಚೀಟಿಯಲ್ಲಿ ‘ನ್ಯಾನೋ’ ಎಂದೇ ನಮೂದಿಸಬೇಕು. ತಿನ್ನುವವನಿಗೆ ತಿಳಿಯುವ ಹಕ್ಕು ನಮ್ಮಲ್ಲಿಯೂ ಅಷ್ಟೇ ಇದೆ.

ಆದುದರಿಂದ ನಮ್ಮ ಬೇಡಿಕೆಗಳು ಸರಳ. ಮೊದಲು ರೈತರ ಒಡೆತನದಲ್ಲಿ ಹೋಬಳಿಗೊಂದು ಶೀತಲ ಕೊಠಡಿ, ಊರೂರಿಗೆ ತಂಪುಗೂಡು. ಯಾವುದೇ ನ್ಯಾನೋ ಲೇಪನ ಮಾರುಕಟ್ಟೆಗೆ ಬರುವ ಮುನ್ನ ಅದರಲ್ಲಿ ಏನಿದೆ, ತೊಳೆದ ಮೇಲೆ ಎಲ್ಲಿ ಸೇರುತ್ತದೆ ಎಂಬುದರ ಪರೀಕ್ಷಾ ವರದಿ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಲಿ. ಕೆರೆಗಳ ನೀರು ಮತ್ತು ಹೂಳಿನಲ್ಲಿ ಲೋಹಗಳ ಪರೀಕ್ಷೆ ಪ್ರತಿವರ್ಷ ನಡೆದು, ಫಲಿತಾಂಶವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಲಿ. ವಿದ್ಯಾರ್ಥಿಗಳೇ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳಿ.

ನಂದಿ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರನ್ನು ದಾಟಿ ಆಂಧ್ರಕ್ಕೆ ಹೋಗುತ್ತದೆ. ಬೆಟ್ಟದ ಬುಡದ ಕೆರೆಗೆ ನಾವು ಸೇರಿಸಿದ್ದು ಇಲ್ಲಿಯೇ ಉಳಿಯುವುದಿಲ್ಲ. ಮೇಲೆ ಇರುವವರಿಗೆ ಕೆಳಗಿನವರ ನೀರಿನ ಹೊಣೆಯೂ ಇದೆ.