ಪರದೆಯಲ್ಲಿ ಮಾತ್ರ ಹತ್ತುವ ದೀಪ

ನಮ್ಮನೆ ತುಳಸಿಗೆ ಒಂದು ಯಂತ್ರ ಮಾಡುತ್ತಿದ್ದೇನೆ ಎಂದು ಹೋದ ತಿಂಗಳು ಈ ಅಂಕಣದಲ್ಲಿ ಬರೆದಿದ್ದೆ. ಕನ್ನಡ ಶಾಲೆಯ ಕಾರ್ ಪಾರ್ಕಿನಲ್ಲಿ ಇಬ್ಬರು ಆಂಟಿಯರು "ಏನಾಯ್ತೇ ನಿನ್ನ ಯಂತ್ರ?" ಎಂದು ಕೇಳಿದರು. ಯಂತ್ರ ಚೆನ್ನಾಗಿದೆ ಆಂಟಿ, ತುಳಸಿ ಒಣಗಿಹೋಯಿತು.

ಮೊದಲಿಂದ ಹೇಳುತ್ತೇನೆ. ಹೋದ ಬೇಸಿಗೆಯಲ್ಲಿ ಅಜ್ಜಿ ತೀರ್ಥಹಳ್ಳಿಯಿಂದ ಬಂದಾಗ ನೆಟ್ಟ ಗಿಡ ಅದು. ಅಕ್ಟೋಬರಿನಲ್ಲಿ ವಾಪಸ್ ಹೋಗುವಾಗ "ಪುಟ್ಟಿ, ಇದು ನಿನ್ನ ಜವಾಬ್ದಾರಿ" ಎಂದು ಹೇಳಿ ಹೋದರು. ಇಂಗ್ಲೆಂಡಿನ ಚಳಿಯಲ್ಲಿ ತುಳಸಿ ಹೊರಗೆ ಬದುಕುವುದಿಲ್ಲ. ಅಡುಗೆಮನೆ ಕಿಟಕಿಯ ಬಳಿ, ರೇಡಿಯೇಟರ್ ಮೇಲೆ ಇಟ್ಟೆವು. ಅಲ್ಲಿ ನೀರು ಜಾಸ್ತಿಯಾದರೆ ಬೇರು ಕೊಳೆಯುತ್ತದೆ, ಕಮ್ಮಿಯಾದರೆ ರೇಡಿಯೇಟರ್ ಶಾಖಕ್ಕೆ ಮಣ್ಣು ಹಪ್ಪಳವಾಗುತ್ತದೆ. ಜಿಸಿಎಸ್‌ಇ ಎಲೆಕ್ಟ್ರಾನಿಕ್ಸ್‌ನಲ್ಲಿ ಹೇಗೂ ಒಂದು ಪ್ರಾಜೆಕ್ಟ್ ಮಾಡಬೇಕಲ್ಲ, ಅದಕ್ಕೂ ಮೊದಲು ಕೈ ಪಳಗಲಿ ಎಂದು ಇದನ್ನು ಶುರು ಮಾಡಿದೆ. ಮಣ್ಣು ಒಣಗಿದರೆ ಕೆಂಪು ಎಲ್‌ಇಡಿ ಹತ್ತಬೇಕು, ಅಷ್ಟೇ.

ಮಣ್ಣಿನಲ್ಲಿ ಎರಡು ಮೊಳೆ, ಜೊತೆಗೆ 10 ಕಿಲೋ ಓಮ್‌ನ ಒಂದು ರೆಸಿಸ್ಟರ್. ಮಣ್ಣು ಒದ್ದೆಯಿದ್ದರೆ ಕರೆಂಟ್ ಸುಲಭವಾಗಿ ಹರಿದು ರೆಸಿಸ್ಟರ್ ಮೇಲಿನ ವೋಲ್ಟೇಜ್ ಏರುತ್ತದೆ, ಒಣಗಿದರೆ ಇಳಿಯುತ್ತದೆ. ಅದನ್ನು ಪಿಕ್ ಚಿಪ್ ಓದಿ 0ಯಿಂದ 255ರೊಳಗಿನ ಒಂದು ಸಂಖ್ಯೆ ಮಾಡುತ್ತದೆ. ನಮ್ಮ ಕುಂಡದಲ್ಲಿ ನೀರು ಹಾಕಿದ ಕೂಡಲೇ 180ರ ಹತ್ತಿರ ಬರುತ್ತಿತ್ತು. 90ಕ್ಕಿಂತ ಕೆಳಗೆ ಹೋದರೆ ನೀರು ಬೇಕು ಎಂದು ಲೆಕ್ಕ ಹಾಕಿದೆ.

ಪ್ರೋಗ್ರಾಮ್ ಬರೆದದ್ದು ಫ್ಲೋಕೋಡ್‌ನಲ್ಲಿ. ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್‌ನಲ್ಲಿರುವ ಮ್ಯಾಟ್ರಿಕ್ಸ್ ಎಂಬ ಕಂಪನಿಯ ಸಾಫ್ಟ್‌ವೇರ್ ಇದು. ಇದರಲ್ಲಿ ಸಾಲು ಸಾಲು ಕೋಡ್ ಟೈಪ್ ಮಾಡಬೇಕಿಲ್ಲ. ಲೆಕ್ಕಕ್ಕೆ ಒಂದು ಚೌಕ, "ಹೌದಾ ಅಲ್ಲವಾ" ಎಂಬ ಪ್ರಶ್ನೆಗೆ ಒಂದು ವಜ್ರಾಕೃತಿ, ಹೀಗೆ ಚಿತ್ರಗಳನ್ನು ಒಂದರ ಕೆಳಗೊಂದು ಜೋಡಿಸುತ್ತಾ ಹೋಗುವುದು. ಆಮೇಲೆ ಅದೇ ಈ ಚಿತ್ರವನ್ನು ಸಿ ಭಾಷೆಗೆ, ಅಲ್ಲಿಂದ ಚಿಪ್‌ಗೆ ಅರ್ಥವಾಗುವ ಹೆಕ್ಸ್ ಫೈಲಿಗೆ ಬದಲಾಯಿಸುತ್ತದೆ. ಚಿಪ್‌ಗೆ ಕಳಿಸುವ ಮೊದಲು ಕಂಪ್ಯೂಟರಿನಲ್ಲೇ ಓಡಿಸಿ ನೋಡಬಹುದು. ಅದೇ ಸಿಮ್ಯುಲೇಶನ್.

ನನಗೆ ತುಂಬಾ ಇಷ್ಟವಾದದ್ದು, ಕೊನೆಗೆ ನನ್ನನ್ನೇ ಬೀಳಿಸಿದ್ದು, ಸಿಮ್ಯುಲೇಶನ್ ಮ್ಯಾಕ್ರೋ. ಇವು ಪರದೆಯ ಮೇಲಿನ ಓಟದಲ್ಲಿ ಮಾತ್ರ ಕೆಲಸ ಮಾಡುತ್ತವೆ. ಚಿಪ್‌ಗೆ ಕಳಿಸುವಾಗ ಅವು ಇದ್ದ ಜಾಗದಲ್ಲಿ ಏನೂ ಇರುವುದಿಲ್ಲ. ಅದು ತಪ್ಪಲ್ಲ, ಅವುಗಳನ್ನು ಮಾಡಿರುವುದೇ ಹಾಗೆ. ನಾನು ಪರದೆಯಲ್ಲಿ ಒಂದು ಕುಂಡ ಮಾಡಿದೆ. ಸಂಖ್ಯೆ ಇಳಿದ ಹಾಗೆ ಕುಂಡದ ಬಣ್ಣ ಕಪ್ಪಿನಿಂದ ಕಂದು ಆಗುವಂತೆ ಒಂದು ಮ್ಯಾಕ್ರೋ ಹಾಕಿದೆ. ನಿಜವಾದ ಚಿಪ್‌ನಲ್ಲಿ ಕುಂಡದ ಚಿತ್ರವೇ ಇಲ್ಲ, ಆದ್ದರಿಂದ ಬಣ್ಣ ಬದಲಾಯಿಸುವ ಕೋಡ್ ಅಲ್ಲಿಗೆ ಹೋಗಿ ಮಾಡುವುದೇನು? ನಿಜವಾದ ಮಣ್ಣು ಒಣಗಲು ನಾಲ್ಕೈದು ದಿನ ಬೇಕು, ನನ್ನ ಪರದೆಯ ಮಣ್ಣು ಅರ್ಧ ನಿಮಿಷದಲ್ಲಿ ಒಣಗುತ್ತಿತ್ತು. ನಮ್ಮ ತಮ್ಮನನ್ನೂ ಕರೆದು ತೋರಿಸಿದೆ, ಅವನು ಹತ್ತು ಸಲ ಓಡಿಸಿದ.

ಇಲ್ಲಿಗೇ ನಿಲ್ಲಿಸಬೇಕಿತ್ತು. 90 ಸರಿಯಾ, 100 ಸರಿಯಾ ಎಂದು ನೋಡಲು ಪರದೆಯಲ್ಲಿ ಒಂದು ಸ್ಲೈಡರ್ ಇಟ್ಟೆ. ಸಿಮ್ಯುಲೇಶನ್ ಮ್ಯಾಕ್ರೋ ಒಂದು ಅದರ ಬೆಲೆ ಓದಿ 'ಲಿಮಿಟ್' ಎಂಬ ವೇರಿಯಬಲ್‌ಗೆ ಹಾಕುತ್ತಿತ್ತು. ಸ್ಲೈಡರನ್ನು 90ಕ್ಕೆ ಬಿಟ್ಟೆ. ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು.

ಫೆಬ್ರವರಿಯ ಹಾಫ್ ಟರ್ಮ್ ರಜೆಗೆ ಒಂದು ವಾರ ದೊಡ್ಡಪ್ಪನ ಮನೆಗೆ ಹೊರಟಿದ್ದೆವು. ಹಿಂದಿನ ರಾತ್ರಿ ಪ್ರೋಗ್ರಾಮನ್ನು ಚಿಪ್‌ಗೆ ಹಾಕಿ, ಗಿಡಕ್ಕೆ ನೀರು ಹಾಕಿ ನೋಡಿದೆ. ದೀಪ ಆರಿತ್ತು. ಮಣ್ಣು ಒದ್ದೆ, ದೀಪ ಇಲ್ಲ, ಸರಿಯಾಗಿಯೇ ಇದೆಯಲ್ಲ! ಪಕ್ಕದ ಮನೆಯ ಆಂಟಿಗೆ ಬೀಗದ ಕೈ ಕೊಟ್ಟು "ಕೆಂಪು ದೀಪ ಹತ್ತಿದರೆ ಮಾತ್ರ ನೀರು ಹಾಕಿ, ಇಲ್ಲದಿದ್ದರೆ ಬೇಡ" ಎಂದು ಎರಡೆರಡು ಸಲ ಹೇಳಿದೆ. ಪಾಪ, ಅವರು ದಿನವೂ ಬಂದು ನೋಡಿದ್ದಾರೆ. ದೀಪ ಹತ್ತಲೇ ಇಲ್ಲ. ನಾನು ಹೇಳಿದ ಮಾತಿಗೆ ತಪ್ಪಬಾರದೆಂದು ಅವರು ನೀರೂ ಹಾಕಲಿಲ್ಲ.

ವಾಪಸ್ ಬಂದಾಗ ಎಲೆಗಳು ಮುಟ್ಟಿದರೆ ಪುಡಿ. ಅಮ್ಮ ಏನೂ ಹೇಳಲಿಲ್ಲ, ಅದೇ ಜಾಸ್ತಿ ಬೇಜಾರು.

ಮೊದಲು ಮೊಳೆ ತುಕ್ಕು ಹಿಡಿದಿದೆ ಎಂದುಕೊಂಡೆ. ಆಮೇಲೆ ಬ್ಯಾಟರಿ, ಆಮೇಲೆ ಎಲ್‌ಇಡಿ ಉಲ್ಟಾ ಹಾಕಿದ್ದೀನಾ ಎಂದು. ಅಪ್ಪ ಮಲ್ಟಿಮೀಟರ್ ತಂದುಕೊಟ್ಟರು. ಚಿಪ್‌ನ ಪಿನ್ನಿನಲ್ಲಿ ಸುಮಾರು 1 ವೋಲ್ಟ್ ಇತ್ತು. 5 ವೋಲ್ಟಿಗೆ 255 ಆದರೆ 1 ವೋಲ್ಟಿಗೆ 51. 90ಕ್ಕಿಂತ ಕಮ್ಮಿಯೇ, ದೀಪ ಹತ್ತಲೇಬೇಕು. ಶಾಲೆಯಲ್ಲಿ ಟೀಚರಿಗೆ ಕೇಳಿದಾಗ ಅವರು ಉತ್ತರ ಹೇಳಲಿಲ್ಲ, ಫ್ಲೋಚಾರ್ಟ್ ಬಿಟ್ಟು ಅದರಿಂದ ಹುಟ್ಟಿದ ಸಿ ಕೋಡ್ ಓದು ಎಂದರು. ಅದರಲ್ಲಿ ನನ್ನ ವೇರಿಯಬಲ್ ಹೆಸರು ಹುಡುಕಿದೆ. ಶುರುವಿನಲ್ಲಿ ನಾನೇ ಕೊಟ್ಟಿದ್ದ 0 ಇತ್ತು. ಹೋಲಿಸುವ ಜಾಗದಲ್ಲಿ ಇನ್ನೊಮ್ಮೆ ಇತ್ತು. 90 ಎಲ್ಲೂ ಇರಲಿಲ್ಲ. ಮಣ್ಣಿನ ಸಂಖ್ಯೆ 0ಗಿಂತ ಕಮ್ಮಿಯಾ ಎಂದು ಚಿಪ್ ವಾರವಿಡೀ ಕೇಳಿಕೊಳ್ಳುತ್ತಾ ಕೂತಿತ್ತು. ಎಂದಾದರೂ ಆಗುತ್ತದೆಯೇ?

ನಮ್ಮ ರಾಜ್ಯೋತ್ಸವ ನಾಟಕ ನೆನಪಿದೆಯಾ? ಪ್ರಾಕ್ಟೀಸಿನಲ್ಲೆಲ್ಲ ಟೀಚರ್ ಪರದೆಯ ಹಿಂದೆ ನಿಂತು ಒಂದೊಂದು ಸಾಲಿನ ಮೊದಲ ಮಾತು ಪಿಸುಗುಟ್ಟುತ್ತಿದ್ದರು, ನಮಗೆ ಎಲ್ಲಾ ಬಾಯಿಪಾಠ ಆಗಿದೆ ಎಂದೇ ನಂಬಿದ್ದೆವು. ಕಾರ್ಯಕ್ರಮದ ದಿನ ಅವರು ಮುಂದಿನ ಸಾಲಿನಲ್ಲಿ ಕೂತುಬಿಟ್ಟರು. ನಾನು ಮಂತ್ರಿ ಪಾತ್ರದಲ್ಲಿ ಎಷ್ಟು ಹೊತ್ತು ಬಾಯಿ ತೆರೆದುಕೊಂಡು ನಿಂತಿದ್ದೆ ಎಂದು ವಿಡಿಯೋ ಇರುವವರಿಗೆಲ್ಲ ಗೊತ್ತು. ನನ್ನ ಸ್ಲೈಡರ್ ಕೂಡ ಹಾಗೇ ಪಿಸುಗುಟ್ಟುತ್ತಿತ್ತು.

ಈಗ 90ನ್ನು ಮಾಮೂಲಿ ಲೆಕ್ಕದ ಚೌಕದಲ್ಲೇ ಬರೆದಿದ್ದೇನೆ. ಸಿಮ್ಯುಲೇಶನ್ ಮ್ಯಾಕ್ರೋಗಳನ್ನು ಬಿಟ್ಟಿಲ್ಲ, ಕುಂಡ ಈಗಲೂ ಬಣ್ಣ ಬದಲಾಯಿಸುತ್ತದೆ. ಆದರೆ ಅವು ಪ್ರೋಗ್ರಾಮಿನಿಂದ ತೆಗೆದುಕೊಂಡು ತೋರಿಸಬಹುದು, ಪ್ರೋಗ್ರಾಮಿಗೆ ಏನನ್ನೂ ಕೊಡುವ ಹಾಗಿಲ್ಲ. ಪರೀಕ್ಷೆಗೆ ಮೊಳೆಗಳನ್ನು ಒಣ ಮಣ್ಣಿನ ಲೋಟದಲ್ಲಿ ಚುಚ್ಚಿದರೆ ಹತ್ತು ಸೆಕೆಂಡಿನ ಕೆಲಸ. ಅದನ್ನು ಆ ರಾತ್ರಿಯೇ ಮಾಡಬಹುದಿತ್ತು.

ಅಜ್ಜಿಗೆ ವಾಟ್ಸಾಪಿನಲ್ಲಿ ಹೇಳಲು ಮೂರು ದಿನ ತೆಗೆದುಕೊಂಡೆ. ಪೂರ್ತಿ ಕೇಳಿದರು. "ಅಲ್ಲ ಪುಟ್ಟಿ, ಅವ್ರಿಗೆ ಬೆರಳಲ್ಲಿ ಮಣ್ಣು ಮುಟ್ಟಿ ನೋಡಿ ಅನ್ನೋದು ಬಿಟ್ಟು ದೀಪ ನೋಡಿ ಅಂದ್ಯಾ?" ಎಂದರು. ಆಮೇಲೆ ನಕ್ಕು, ಒಣಗಿದ ಕದಿರನ್ನು ಬಿಸಾಕಬೇಡ, ಉಜ್ಜಿದರೆ ಬೀಜ ಬರುತ್ತದೆ ಎಂದರು. ಉಜ್ಜಿ ಬಿತ್ತಿದೆ. ಹನ್ನೊಂದನೇ ದಿನ ಸಾಸಿವೆಯಷ್ಟು ಎಲೆಯ ಆರು ಸಸಿ ಎದ್ದಿವೆ. ಮೊಳೆ ಚುಚ್ಚಲು ಇನ್ನೂ ಜಾಗವಿಲ್ಲ, ಸದ್ಯಕ್ಕೆ ಬೆರಳೇ.

ಆರೂ ಉಳಿದರೆ ಎರಡು ನಮಗೆ ಸಾಕು. ಬೇಕಾದವರು ಶನಿವಾರ ಶಾಲೆಗೆ ಬಂದಾಗ ಹೇಳಿ.